ಹಳೆಯ ಸ್ಪೋರ್ಟ್ಸ್ ಕಾರು: ಎಂಜಿನ್ ತಣ್ಣಗಿದ್ದಾಗಲೇ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿಯವನು, ವಯಸ್ಸು 31. ಮನೆಯಲ್ಲಿ ತೊಗರಿ ವ್ಯಾಪಾರ. ಎರಡೇ ಸೀಟಿನ, ಟಾಪ್ ತೆರೆಯುವ ಕಾರು ಬೇಕೆಂಬುದು ಕಾಲೇಜಿನ ದಿನಗಳ ಆಸೆ. ಹೈದರಾಬಾದಿನ ಡೀಲರ್ ಒಬ್ಬರ ಬಳಿ 2012ರ ಬಿಎಂಡಬ್ಲ್ಯು ಜೆಡ್4 ಇದೆ. 35ಐ ಮಾಡೆಲ್, ಪೆಟ್ರೋಲ್, ಎಪಿ ನಂಬರ್, ಎರಡನೇ ಮಾಲೀಕರು, ಓಡಿದ್ದು ಬರೀ 28,000 ಕಿ.ಮೀ. 22 ಲಕ್ಷ ಹೇಳುತ್ತಿದ್ದಾರೆ. ಈ ವಾರವೇ ಅಡ್ವಾನ್ಸ್ ಕೊಡಿ ಅಂತ ಒತ್ತಾಯ. ಅಪ್ಪ ಮಾತ್ರ ಬಿಳಿಯಾನೆ ಕಟ್ಟಿಕೊಳ್ಳಬೇಡ ಅಂತಾರೆ. ತೆಗೆದುಕೊಳ್ಳಲೇ? ಏನೇನು ನೋಡಬೇಕು?

ಉತ್ತರ: ಮೊದಲು ಅಡ್ವಾನ್ಸ್ ವಿಷಯ. ಈ ವಾರ ಕೊಡಬೇಡಿ. ಎರಡೇ ಸೀಟಿನ ಹಳೆಯ ಆಮದು ಕಾರಿಗೆ ದಿನಕ್ಕೊಬ್ಬ ಗಿರಾಕಿ ಬರುವುದಿಲ್ಲ. ನಾಳೆ ಬೇರೆಯವರು ಒಯ್ಯುತ್ತಾರೆ ಅಂದರೆ ಒಯ್ಯಲಿ ಬಿಡಿ. ಗಾಡಿ ನೋಡಲು ಎರಡು ದಿನ ಬಿಡದವರ ಹತ್ತಿರ 22 ಲಕ್ಷ ಸುರಿಯುವ ಅಗತ್ಯ ನಿಮಗಿಲ್ಲ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಆದರೆ ಹೆದರಿ ಆಸೆಯನ್ನೇ ಬಿಡಬೇಡಿ. ಜರ್ಮನಿಯ ರೀಗನ್ಸ್‌ಬರ್ಗ್ ಕಾರ್ಖಾನೆಯಲ್ಲಿ ತಯಾರಾಗಿ ಪೂರ್ತಿ ಗಾಡಿಯಾಗಿಯೇ ಹಡಗಿನಲ್ಲಿ ಬಂದ ಕಾರು ಇದು. ಸಾಲಾಗಿ ಆರು ಸಿಲಿಂಡರ್, ಮೂರು ಲೀಟರ್, ಎರಡು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ), 306 ಅಶ್ವಶಕ್ತಿ. ಈ ಎಂಜಿನ್ನಿಗೆ ಎನ್54 ಅಂತ ಹೆಸರು. ಓಡಿಸಲು ತುಂಬಾ ಸೊಗಸಾದ ಎಂಜಿನ್. ಅದರ ಕಾಯಿಲೆಗಳೂ ಅಷ್ಟೇ ಪ್ರಸಿದ್ಧ. ಎಲ್ಲಿ ಕೆಡುತ್ತದೆ ಅಂತ ಜಗತ್ತಿಗೇ ಗೊತ್ತಿರುವುದರಿಂದ ಎಲ್ಲಿ ನೋಡಬೇಕು ಅನ್ನುವುದೂ ಗೊತ್ತಿದೆ. ನಿಮಗೆ ಅದೇ ಅನುಕೂಲ.

28,000 ಕಿ.ಮೀ. ಅನ್ನುವುದನ್ನು ನೀವು ಲಾಭದ ಲೆಕ್ಕದಲ್ಲಿ ಬರೆದಿದ್ದೀರಿ. ನನಗೆ ಮೊದಲ ಚಿಂತೆ ಹತ್ತಿದ್ದೇ ಅಲ್ಲಿ. ಸಂಖ್ಯೆ ನಿಜವಾಗಿದ್ದರೆ ಈ ಗಾಡಿ ಬಾಳಿನ ಬಹುಪಾಲು ಸುಮ್ನೆ ನಿಂತಿದೆ ಅಂತ ಅರ್ಥ. ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಬಿರಿಯುತ್ತದೆ. ಆಯಿಲ್ ಸೀಲುಗಳು ಗಟ್ಟಿಯಾಗುತ್ತವೆ. ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ವರ್ಷಕ್ಕೆ ಎಂಟು ಹತ್ತು ಸಾವಿರ ಕಿ.ಮೀ. ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಗಾಡಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಸಂಖ್ಯೆ ಸುಳ್ಳಾಗಿದ್ದರೆ? ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚು ನೋಡಿ. ಇಷ್ಟು ತಗ್ಗಿನ ಕಾರಿನಲ್ಲಿ ಕೂರುವಾಗಲೂ ಏಳುವಾಗಲೂ ಆ ಉಬ್ಬಿದ ಅಂಚಿನ ಮೇಲೆ ಜಾರಲೇಬೇಕು. ಅಲ್ಲಿ ಚರ್ಮ ಸವೆದು ಬಿಳಿ ಕಾಣುತ್ತಿದ್ದರೆ ಅದು 28,000ದ ಗಾಡಿ ಅಲ್ಲ. ಸ್ಟೀರಿಂಗಿನ ಮೇಲ್ಭಾಗ, ಬ್ರೇಕ್ ಪೆಡಲಿನ ರಬ್ಬರ್, ಕಿಟಕಿಯ ಸ್ವಿಚ್ಚು, ಇವೂ ಅದೇ ಕಥೆ ಹೇಳುತ್ತವೆ. ಇನ್ನೊಂದು ಸಾಕ್ಷಿ ಕೀಲಿಯಲ್ಲೇ ಇದೆ. ಆ ಕಾಲದ ಬಿಎಂಡಬ್ಲ್ಯು ಕೀಲಿ ಚಾಸಿ ನಂಬರನ್ನೂ ಓಡಿದ ಕಿಲೋಮೀಟರನ್ನೂ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಅದನ್ನು ಓದಿಸಬಹುದು. ಎರಡು ಕೀಲಿಗಳನ್ನೂ ಕೇಳಿ, ಎರಡನ್ನೂ ಓದಿಸಿ. ಒಂದೇ ಕೀಲಿ ಇದೆ ಅಂದರೆ ಇನ್ನೊಂದು ಎಲ್ಲಿ ಹೋಯಿತು ಅಂತ ಬಿಡದೆ ಕೇಳಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಡಿಯನ್ನು ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಬೇಕು.

ಕೆಲವು ವರ್ಷಗಳ ಹಿಂದೆ ಸೇಡಂ ಕಡೆಯ ಗಿರಾಕಿಯೊಬ್ಬರ ಜೊತೆ ಇಂಥದೇ ಒಂದು ಕಾರು ನೋಡಲು ಹೈದರಾಬಾದಿಗೆ ಹೋಗಿದ್ದೆ. ನಾವು ಮುಟ್ಟಿದಾಗ ಹನ್ನೊಂದು ಗಂಟೆ. ಕಾರು ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿದ್ದರು. ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿ ಇತ್ತು. ಬಿಸಿಲಿನ ಬಿಸಿ ಅಲ್ಲ, ಒಳಗಿನಿಂದ ಬರುವ ಬಿಸಿ. ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಯಿತು, ಬೆಣ್ಣೆಯ ಹಾಗೆ ಓಡಿತು. ಗಿರಾಕಿಯ ಕಣ್ಣಲ್ಲಿ ಹೊಳಪು. ನಾನು ಮಾತ್ರ ನಾಳೆ ಬೆಳಗ್ಗೆ ಆರಕ್ಕೆ ಬರುತ್ತೇವೆ, ಅಲ್ಲಿವರೆಗೆ ಗಾಡಿ ಮುಟ್ಟಬೇಡಿ ಅಂದೆ. ರಾತ್ರಿ ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ಬಾನೆಟ್ ತಣ್ಣಗಿತ್ತು. ಸೆಲ್ಫ್ ಹೊಡೆದರೆ ಆರೇಳು ಸೆಕೆಂಡ್ ತಿರುಗಿದರೂ ಹತ್ತಲಿಲ್ಲ. ಎರಡನೇ ಸಲಕ್ಕೆ ಹತ್ತಿತು. ಹಿಂದೆ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಗುಪ್ಪೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಕೆಳಗಿನಿಂದ ತಗಡಿನ ಡಬ್ಬಿಯಲ್ಲಿ ಕಾಳು ಅಲುಗಾಡಿಸಿದ ಸದ್ದು. ಹಿಂದಿನ ದಿನ ಕಾಣದೇ ಇದ್ದ ಮೂರು ರೋಗ ಒಂದು ನಿಮಿಷದಲ್ಲಿ ಕಂಡವು. ಆ ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಅವರಿಗೆ ಲಕ್ಷಗಳನ್ನು ಉಳಿಸಿತು.

ಆ ಮೂರನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಗಾಡಿಯದೂ ಅದೇ ಎಂಜಿನ್. ಸೆಲ್ಫ್ ಜಾಸ್ತಿ ಹೊತ್ತು ತಿರುಗುವುದು ಸಾಮಾನ್ಯವಾಗಿ ಹೈ ಪ್ರೆಶರ್ ಪೆಟ್ರೋಲ್ ಪಂಪಿನ ದೋಷ. ಎನ್54ರಲ್ಲಿ ಇದು ಎಷ್ಟು ಕೆಟ್ಟಿತೆಂದರೆ ಅಮೆರಿಕದಲ್ಲಿ ಕಂಪನಿಯೇ ಈ ಪಂಪಿನ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಪಂಪು ಒಮ್ಮೆಯಾದರೂ ಬದಲಾಗಿದೆಯೇ ಅಂತ ಬಿಲ್ ಕೇಳಿ. ಬದಲಾಗಿದ್ದರೆ ಒಳ್ಳೆಯದೇ. ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳದೂ ಇದೇ ಮಾತು. ಆರು ಇಂಜೆಕ್ಟರ್, ಒಂದೊಂದರ ಬೆಲೆಯೂ ಭಾರಿ. ತಗಡಿನ ಸದ್ದು ಟರ್ಬೊದ ವೇಸ್ಟ್‌ಗೇಟಿನದು. ಒಳಗಿನ ಪುಟ್ಟ ಬಾಗಿಲಿನ ಕೀಲು ಸವೆದು ಗಲಗಲ ಅನ್ನುತ್ತದೆ. ಬರೀ ಸದ್ದಾದರೆ ಓಡಿಸಬಹುದು, ಟರ್ಬೊ ಒತ್ತಡವೂ ಇಳಿದಿದ್ದರೆ ಎರಡೂ ಟರ್ಬೊ ಇಳಿಸುವ ಕೆಲಸ. ನೀಲಿ ಹೊಗೆ ಆಯಿಲ್ ಸುಡುತ್ತಿರುವ ಗುರುತು. ಟರ್ಬೊದ ಸೀಲಿನಿಂದ ಬಂದಿರಬಹುದು, ವಾಲ್ವಿನ ಸೀಲಿನಿಂದಲೂ ಬಂದಿರಬಹುದು.

ಇನ್ನು ಕೂಲಿಂಗ್. ಬಿಸಿಲೂರಿನವರಾದ ನೀವು ಇದನ್ನು ಬೆಂಗಳೂರಿನವರಿಗಿಂತ ಎರಡು ಪಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಸಾಮಾನ್ಯ. ಈ ಎಂಜಿನ್ನಿನ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನಿಂದ ತಿರುಗುತ್ತದೆ. ಹಳೆಯ ಪಂಪಿನ ಹಾಗೆ ಸದ್ದು ಮಾಡಿ, ನೀರು ಸೋರಿಸಿ ಮುನ್ಸೂಚನೆ ಕೊಡುವುದಿಲ್ಲ. ಒಂದು ದಿನ ಸುಮ್ನೆ ನಿಲ್ಲುತ್ತದೆ, ಹೀಟ್ ಎಚ್ಚರಿಕೆ ಬಂದ ಕೂಡಲೇ ಗಾಡಿ ನಿಲ್ಲಿಸದಿದ್ದರೆ ಎಂಜಿನ್ನಿನ ಹೆಡ್ ಹಾಳು. ಪಂಪ್ ಮತ್ತು ಥರ್ಮೋಸ್ಟಾಟ್ ಬದಲಾದ ಬಿಲ್ ಇಲ್ಲದಿದ್ದರೆ ಕೊಂಡ ತಿಂಗಳಲ್ಲೇ ಎರಡನ್ನೂ ಬದಲಾಯಿಸಿ. ಕೆಡಲಿ ನೋಡೋಣ ಅಂತ ಕಾಯುವ ಭಾಗ ಇದಲ್ಲ. ಗಾಡಿ ನೋಡುವ ದಿನವೇ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ಅರ್ಧ ಗಂಟೆ ಓಡಿಸಿ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಕೊಂಡು ಕೂಲಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ, ಬಿಸಿ ನೋಡುತ್ತಿರಿ. ಒಂದು ಮಟ್ಟಕ್ಕೆ ಬಂದು ನಿಂತರೆ ಸರಿ. ಏರುತ್ತಲೇ ಹೋದರೆ ಬೇಡ. ಇಳಿದ ಮೇಲೆ ಮೂಗು ಹತ್ತಿರ ತನ್ನಿ. ಸಿಹಿ ವಾಸನೆ ಬಂದರೆ ಕೂಲಂಟ್ ಎಲ್ಲೋ ಸೋರುತ್ತಿದೆ.

ಸ್ಕ್ಯಾನರ್ ಬಗ್ಗೆ ಒಂದು ಎಚ್ಚರಿಕೆ. ದೋಷ ತೋರಿಸುವ ಕೋಡ್ ಒಂದೂ ಇಲ್ಲ ಅಂದರೆ ಖುಷಿಪಡಬೇಡಿ. ನೀವು ಬರುವ ಮುಂಚೆ ಅಳಿಸಿರಬಹುದು. ಸ್ಕ್ಯಾನರಿನಲ್ಲಿ ರೆಡಿನೆಸ್ ಅನ್ನುವ ಪುಟ ತೆರೆಯಿರಿ. ಗಾಡಿ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೇ ಇಲ್ಲವೇ ಅಂತ ಅದು ತೋರಿಸುತ್ತದೆ. ಕೋಡ್ ಅಳಿಸಿದರೆ ಆ ಪರೀಕ್ಷೆಗಳೂ ಮೊದಲಿನಿಂದ ಆಗಬೇಕು. ಹೆಚ್ಚಿನವು ಮುಗಿದಿಲ್ಲ ಅಂತ ತೋರಿಸಿದರೆ ಒಂದೋ ಬ್ಯಾಟರಿ ತೆಗೆದಿದ್ದಾರೆ, ಇಲ್ಲವೇ ಈಚೆಗೆ ಯಾರೋ ಅಳಿಸಿದ್ದಾರೆ.

ಇದೇ ಸಂದರ್ಭದಲ್ಲಿ ರಿಮ್ಯಾಪ್, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ತಿದ್ದುವ ಕೆಲಸ, ಆಗಿದೆಯೇ ಕೇಳಿ. ಎನ್54 ಅಂದರೆ ಶಕ್ತಿ ಏರಿಸುವವರಿಗೆ ಹಬ್ಬ. ಲ್ಯಾಪ್‌ಟಾಪ್ ಹಾಕಿ ಬೂಸ್ಟ್ (ಟರ್ಬೊ ಒತ್ತಡ) ಏರಿಸಿ, ಎರಡು ವರ್ಷ ಹೊಡೆದು, ಮಾರುವಾಗ ಮತ್ತೆ ಕಂಪನಿಯ ಫೈಲ್ ಹಾಕುತ್ತಾರೆ. ಫೈಲ್ ತೆಗೆಯಬಹುದು, ಸವೆತ ತೆಗೆಯಲು ಬರುವುದಿಲ್ಲ. ಬೇರೆ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಡಬ್ಬಿ, ಹೊಸದಾಗಿ ಬಿಚ್ಚಿ ಹಾಕಿದ ಬೋಲ್ಟಿನ ಗುರುತು ಕಂಡರೆ ಅನುಮಾನ ಇಟ್ಟುಕೊಳ್ಳಿ. ಸದ್ದಿನ ಸೈಲೆನ್ಸರ್ ಇದ್ದರೆ ಆರ್‌ಟಿಒ ತಪಾಸಣೆಯಲ್ಲೂ ನಿಮಗೇ ಕಿರಿಕಿರಿ.

ಗೇರ್‌ಬಾಕ್ಸ್ ಎರಡು ಕ್ಲಚ್ಚಿನ ಏಳು ಗೇರಿನದು. ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಬ್ರೇಕಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ಗಾಡಿ ನೀರಿನ ಹಾಗೆ ಮುಂದೆ ಜಾರಬೇಕು. ನಡುಗಿದರೆ, ಜಗ್ಗಿದರೆ ಕ್ಲಚ್ಚು ಸವೆದಿದೆ. ರಿವರ್ಸಿನಲ್ಲೂ ಹೀಗೆಯೇ ನೋಡಿ.

ಎಂಜಿನ್ ಆಯಿಲ್ ನೋಡಲು ಡಿಪ್‌ಸ್ಟಿಕ್ ಹುಡುಕಬೇಡಿ. ಇದರಲ್ಲಿ ಕಡ್ಡಿಯೇ ಇಲ್ಲ, ಪರದೆಯ ಮೇಲೆ ಮಟ್ಟ ತೋರಿಸುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿ. ಕಪ್ಪು ಮೇಣದ ಹಾಗೆ ಗಟ್ಟಿ ಕೆಸರು ಅಂಟಿದ್ದರೆ ಆಯಿಲ್ ಬದಲಾವಣೆಯನ್ನು ಎಳೆದೆಳೆದು ಮಾಡಿದ್ದಾರೆ ಅಂತ ಅರ್ಥ.

ನೀರು ಹೊಕ್ಕ ಗಾಡಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸುರಿದ ಮಳೆ ನೆನಪಿದೆ ಅಲ್ವಾ? ಅದೇ ತಿಂಗಳು ನಮ್ಮ ಭೀಮೆಯೂ ಉಕ್ಕಿದ್ದಳು. ಹೈದರಾಬಾದಿನಲ್ಲಿ ರಸ್ತೆಗಳೇ ಹೊಳೆಗಳಾಗಿ ಕಾರುಗಳು ತೇಲಿದವು. ಅಂಥ ಕೆಲವು ಗಾಡಿಗಳು ತೊಳೆಸಿಕೊಂಡು, ಸೀಟು ಹೊಲಿಸಿಕೊಂಡು ಮತ್ತೆ ಮಾರಾಟಕ್ಕೆ ನಿಂತಿವೆ. ಒಂದನ್ನು ಪರೀಕ್ಷಿಸುವಾಗ ನಾನೇ ಸೋತಿದ್ದೇನೆ. ಕಾರ್ಪೆಟ್ ನೋಡಿದ್ದೆ, ಒಣಗಿತ್ತು. ವಾಸನೆಯೂ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದೊಂದೇ ಎಲೆಕ್ಟ್ರಿಕ್ ತೊಂದರೆ ಶುರುವಾಯಿತು. ಆ ಗಿರಾಕಿಯ ಮುಖ ನೋಡಲು ನನಗೆ ಕಷ್ಟವಾಯಿತು. ಅಂದಿನಿಂದ ನಾನು ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯದೆ ಯಾವ ಕಾರನ್ನೂ ಪಾಸು ಮಾಡಿಲ್ಲ. ಬೆಲ್ಟ್ ಪೂರ್ತಿ ಎಳೆದರೆ, ಯಾವಾಗಲೂ ಸುರುಳಿಯೊಳಗೇ ಇರುವ ಕೊನೆಯ ಒಂದು ಗೇಣು ಹೊರಗೆ ಬರುತ್ತದೆ. ಅದನ್ನು ತೊಳೆಯುವುದು ಯಾರಿಗೂ ನೆನಪಿರುವುದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಗೆರೆ ಇದ್ದರೆ ನೀರು ಅಲ್ಲಿವರೆಗೆ ಬಂದಿತ್ತು. ಸೀಟಿನ ಕೆಳಗಿನ ರೈಲು, ಬೋಲ್ಟುಗಳ ತುಕ್ಕು, ಹೆಡ್‌ಲೈಟಿನೊಳಗಿನ ಮಂಜು, ಇವನ್ನೂ ಟಾರ್ಚ್ ಹಾಕಿ ನೋಡಿ. ಈ ಕಾರಿನ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ. ಅದರ ಸುತ್ತ ಒಣ ಕೆಸರು, ಬಿಳಿ ಹುಡಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಟಾಪ್ ನಿಮ್ಮ ಆಸೆಯ ಭಾಗ, ಹಾಗಾಗಿ ತಾಳ್ಮೆಯಿಂದ ನೋಡಿ. ಲೋಹದ ಎರಡು ತುಂಡುಗಳು ಹೈಡ್ರಾಲಿಕ್ಕಿನಿಂದ ಮಡಚಿ ಡಿಕ್ಕಿಗೆ ಇಳಿಯುತ್ತವೆ. ಸುಮಾರು 20 ಸೆಕೆಂಡಿನ ಕೆಲಸ. ಎಂಜಿನ್ ಓಡುತ್ತಿರುವಾಗ ಬಿಟ್ಟು ಬಿಟ್ಟು ಮೂರು ಸಲ ತೆರೆದು ಮುಚ್ಚಿಸಿ. ಮಧ್ಯೆ ನಿಲ್ಲಬಾರದು, ಎಡಬಲ ಒಟ್ಟಿಗೆ ಇಳಿಯಬೇಕು. ಡಿಕ್ಕಿಯೊಳಗೆ ಸಾಮಾನು ತಡೆಯುವ ಅಡ್ಡ ಪರದೆಯೊಂದಿದೆ, ಅದು ಕೆಳಗೆ ಬಿದ್ದಿರದಿದ್ದರೆ ಟಾಪ್ ಅಲುಗಾಡುವುದಿಲ್ಲ. ಇದು ಗೊತ್ತಿಲ್ಲದೆ ಟಾಪ್ ಕೆಟ್ಟಿದೆ ಅಂತ ಗಾಬರಿಯಾದವರಿದ್ದಾರೆ. ಮುಚ್ಚಿದ ಮೇಲೆ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿಸಿ, ಆಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿ.

ಆಮೇಲೆ ಲಿಫ್ಟ್. ಕೆಳಗಿನಿಂದ ನೋಡದೆ ಸ್ಪೋರ್ಟ್ಸ್ ಕಾರು ಕೊಳ್ಳಲೇಬೇಡಿ. ಇದರ ಹೊಟ್ಟೆ ನೆಲದಿಂದ ಹೆಚ್ಚುಕಡಿಮೆ ಅರ್ಧ ಗೇಣು ಅಷ್ಟೇ. ರಸ್ತೆ ಉಬ್ಬು ಹತ್ತು ಸೆಂಟಿಮೀಟರ್ ಎತ್ತರ ಇರಬೇಕು ಅಂತ ನಿಯಮ. ನಮ್ಮ ಹಳ್ಳಿಗಳ ಮುಂದೆ ಊರವರೇ ಕಟ್ಟಿದ ಹಂಪುಗಳಿಗೆ ಆ ನಿಯಮ ತಿಳಿಯದು. ಹಾಗಾಗಿ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಒಡೆದಿದೆಯೇ, ಆಯಿಲ್ ಪ್ಯಾನ್ ಉಜ್ಜಿದೆಯೇ ನೋಡಿ. ಆ ತಟ್ಟೆ ಬಿಚ್ಚಿಸಿ, ಆಯಿಲ್ ಫಿಲ್ಟರ್ ಕೂರುವ ಭಾಗದ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಿ. ಅಲ್ಲಿನ ಎಣ್ಣೆ ಬೆಲ್ಟಿನ ಮೇಲೆ ಬಿದ್ದರೆ ಬೆಲ್ಟ್ ಕಿತ್ತುಹೋಗುತ್ತದೆ. ಟೈರಿನ ಒಳ ಅಂಚಿಗೆ ಬೆರಳು ಹಾಕಿ ಸವರಿ. ಹೊರಗಿನಿಂದ ಹೊಸದಾಗಿ ಕಂಡ ಟೈರು ಒಳಗೆ ಬೋಳಾಗಿರುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಈ ಕಾರಿಗೆ ಬರುವುದು ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು, ಸ್ಟೆಪ್ನಿ ಇಲ್ಲ. ಬ್ರೇಕ್ ಡಿಸ್ಕಿನ ಅಂಚನ್ನು ಉಗುರಿನಿಂದ ಕೆರೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ದಂಡೆ ಇದ್ದರೆ ಡಿಸ್ಕಿನ ಕಾಲ ಮುಗಿಯುತ್ತಾ ಬಂದಿದೆ.

ಕಾಗದಗಳಿಗೆ ಬರೋಣ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ಓದಿ. 50 ಪರ್ಸೆಂಟ್ ಇದ್ದರೆ ಆ ಮಾಲೀಕರು ಕೊನೆಯ ಐದು ವರ್ಷ ಕ್ಲೇಮ್ ಮಾಡಿಲ್ಲ. ಸೊನ್ನೆ ಇದ್ದರೆ ಏನೋ ಆಗಿರಬಹುದು, ಏನು ಅಂತ ಕೇಳಿ. ಆ ಬೋನಸ್ ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು 14 ದಿನ ಇದೆ. ಅಷ್ಟರೊಳಗೆ ಮಾಡಿಸದೆ ಆಮೇಲೆ ಗಾಡಿ ಗುದ್ದಿದರೆ ರಿಪೇರಿ ಖರ್ಚು ನಿಮ್ಮ ತಲೆಗೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ದುಡ್ಡು. ಚಾಸಿ ನಂಬರನ್ನು ಗಾಡಿಯ ಮೇಲೆ ಕಣ್ಣಾರೆ ಓದಿ ಆರ್‌ಸಿ ಜೊತೆ ತಾಳೆ ನೋಡಿ.

ನಂಬರ್ ಎಪಿ ಆದರೂ ಗಾಡಿ ಹೈದರಾಬಾದಿನದಾದರೆ ದಾಖಲೆ ಇರುವುದು ತೆಲಂಗಾಣದ ಆರ್‌ಟಿಒ ಹತ್ತಿರ. ಅಲ್ಲಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಮಾರುವವರೇ ತೆಗೆದುಕೊಡಬೇಕು. ಬಾಕಿ ಚಲನ್‌ಗಳನ್ನೂ ಅವರೇ ಕಟ್ಟಲಿ. ಆಮೇಲೆ ಇಲ್ಲಿ ಕೆಎ-32 ನಂಬರಿಗೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದರ ಲೆಕ್ಕ ನೀವು ಕೊಟ್ಟ 22 ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಮೇಲೆ. ಆರ್‌ಸಿ ಪ್ರತಿ ಹಿಡಿದು ನಮ್ಮ ಆರ್‌ಟಿಒ ಕಚೇರಿಗೆ ಹೋಗಿ ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ. ಅಡ್ವಾನ್ಸಿಗೂ ಮೊದಲು ಈ ಕೆಲಸ.

ಯಾರೂ ನಿಮಗೆ ಹೇಳಿರಲಾರದ ಒಂದು ಮಾತು ಇದೆ. 2012ರ ಗಾಡಿಗೆ 2027ರಲ್ಲಿ 15 ವರ್ಷ ತುಂಬುತ್ತದೆ. ಆಗ ಫಿಟ್ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಸಾಧಾರಣ ಕಾರಿಗೆ ಇದರ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000. ನಿಮ್ಮದು ಆಮದು ಕಾರು. ಈ ಮಾತನ್ನು ಬೆಲೆ ಮಾತಾಡುವಾಗ ಮೇಜಿನ ಮೇಲಿಡಿ.

ಬೆಲೆ 22 ಲಕ್ಷ ಅಂದಿದ್ದೀರಿ. ನಿಮ್ಮ ಹತ್ತಿರ ಒಟ್ಟು 22 ಲಕ್ಷವೇ ಇದ್ದರೆ ಈ ಕಾರು ಬೇಡ. ಇದನ್ನು ನಾನು ನಿಮ್ಮ ಅಪ್ಪನ ಪರವಾಗಿ ಹೇಳುತ್ತಿದ್ದೇನೆ. ಮೊದಲ ವರ್ಷಕ್ಕೆ ಅಂತ ಕನಿಷ್ಠ ನಾಲ್ಕು ಲಕ್ಷ ಬೇರೆ ಎತ್ತಿಡಿ. ಪಂಪು, ಟೈರು, ಎಲ್ಲ ಆಯಿಲ್, ಟ್ಯಾಕ್ಸ್, ಅಷ್ಟಕ್ಕೇ ಬಹುಪಾಲು ಹೋಗುತ್ತದೆ. ದೊಡ್ಡ ಕೆಲಸಕ್ಕೆ 220 ಕಿಲೋಮೀಟರ್ ದೂರದ ಹೈದರಾಬಾದೇ ಗತಿ ಅಂದುಕೊಳ್ಳಿ. ಪಾಲಿಸಿಯಲ್ಲಿ ರಸ್ತೆ ನೆರವು ಇರಲಿ, ಎಳೆದೊಯ್ಯಲು ಹಗ್ಗ ಕಟ್ಟುವ ಲಾರಿ ಬೇಡ, ಗಾಡಿಯನ್ನು ಪೂರ್ತಿ ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಅಂತಲೇ ಕೇಳಿ.

ಹೋಗುವುದಾದರೆ ವಾರದ ಮಧ್ಯೆ ಹೋಗಿ, ಕಂಪನಿ ಸರ್ವಿಸ್ ಸೆಂಟರಿನಲ್ಲಿ ತಪಾಸಣೆಗೆ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಿ. ಶನಿವಾರ ಭಾನುವಾರ ಲಿಫ್ಟ್ ಖಾಲಿ ಸಿಗುವುದು ಕಷ್ಟ. ಹಿಂದಿನ ರಾತ್ರಿಯೇ ಊರು ಸೇರಿ. ಬೆಳಗ್ಗೆ ಡೀಲರ್ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಮೊದಲು ಬಾನೆಟ್ ಮೇಲೆ ಕೈ ಇಡಿ, ಆಮೇಲೆ ನಮಸ್ಕಾರ ಹೇಳಿ. ಸೆಲ್ಫ್ ಹೊಡೆಯುವ ಮುಂಚೆ ಫೋನಿನಲ್ಲಿ ವಿಡಿಯೊ ಶುರು ಮಾಡಿ, ಎರಡು ನಿಮಿಷ ಪೂರ್ತಿ ತೆಗೆಯಿರಿ. ಸೈಲೆನ್ಸರಿನ ಕಡೆ ಒಬ್ಬರು, ಬಾನೆಟ್ ಕಡೆ ಒಬ್ಬರು ಇದ್ದರೆ ಇನ್ನೂ ಚೆನ್ನ. ಆ ವಿಡಿಯೊ ನನಗೆ ಕಳಿಸಿ. ಸದ್ದು ಕೇಳಿ ಅವತ್ತೇ ಉತ್ತರಿಸುತ್ತೇನೆ.